ಸೇಂಟ್ ಮಾರ್ಟನ್‌ನಲ್ಲಿ ಹಡಗು ನಿಂತ ಒಂದು ಹಗಲು: ಓಡಾಟ, ಊಟ, ಹೋಗಿಬಂದವರ ಅನುಭವ

ಪ್ರಶ್ನೆ, ಷಾರ್ಲಟ್‌ನಿಂದ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಅತ್ತೆ-ಮಾವನವರನ್ನು ಕರೆದುಕೊಂಡು ಕೆರಿಬಿಯನ್ ಕ್ರೂಸ್‌ಗೆ ಹೊರಟಿದ್ದೇವೆ. ಮಯಾಮಿಯಿಂದ ಹೊರಟು ಪೋರ್ಟೊ ರಿಕೊದ ಸ್ಯಾನ್ ವಾನ್, ಸೇಂಟ್ ಥಾಮಸ್, ಸೇಂಟ್ ಮಾರ್ಟನ್ ನೋಡಿಕೊಂಡು ವಾಪಸ್. ಸೇಂಟ್ ಮಾರ್ಟನ್‌ನಲ್ಲಿ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಹಡಗು ನಿಲ್ಲುತ್ತದೆ. ಮಾವನವರಿಗೆ ಮಂಡಿನೋವು, ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ತಲೆಯ ಮೇಲೇ ವಿಮಾನ ಇಳಿಯುವ ಬೀಚ್ ನೋಡಲೇಬೇಕೆಂದು ಮಗನ ಹಟ. ಹಡಗಿನವರ ಟೂರ್ ಐದು ಜನಕ್ಕೆ ಲೆಕ್ಕ ಹಾಕಿದರೆ ಕೈ ಸುಡುತ್ತದೆ. ನಾವೇ ಓಡಾಡಬಹುದೇ? ಮಧ್ಯಾಹ್ನದ ಊಟಕ್ಕೆ ಹಡಗಿಗೇ ಬರಬೇಕೇ, ದಡದಲ್ಲೇ ಏನಾದರೂ ಸಿಗುತ್ತದೆಯೇ?

ಟ್ಯಾಂಪಾದಿಂದ

ಧಾರಾಳವಾಗಿ ನೀವೇ ಓಡಾಡಬಹುದು. ನಾನು ಈ ದ್ವೀಪಕ್ಕೆ ಹಡಗಿನಲ್ಲೂ ಹೋಗಿದ್ದೇನೆ, ವಿಮಾನದಲ್ಲಿ ಹೋಗಿ ಉಳಿದುಕೊಂಡೂ ಬಂದಿದ್ದೇನೆ. ಇಡೀ ದ್ವೀಪ ಸುಮಾರು 87 ಚದರ ಕಿಲೋಮೀಟರ್. ದಕ್ಷಿಣ ಭಾಗ ಡಚ್ಚರದು, ಉತ್ತರ ಭಾಗ ಫ್ರೆಂಚರದು. 1648ರಲ್ಲಿ ಒಪ್ಪಂದ ಮಾಡಿಕೊಂಡು ಹಂಚಿಕೊಂಡದ್ದು ಇವತ್ತಿಗೂ ನಡೆದುಕೊಂಡು ಬಂದಿದೆ. ಗಡಿಯಲ್ಲಿ ಗೇಟಿಲ್ಲ, ರಸ್ತೆಬದಿಯ ಫಲಕ ದಾಟಿದರೆ ಆಚೆ ದೇಶ. ಹಡಗು ನಿಲ್ಲುವುದು ಡಚ್ ಭಾಗದ ರಾಜಧಾನಿ ಫಿಲಿಪ್ಸ್‌ಬರ್ಗ್ ಪಕ್ಕದಲ್ಲಿ.

ದ್ವೀಪ ಚಿಕ್ಕದೆಂದು ಸಮಯವನ್ನೂ ಚಿಕ್ಕದಾಗಿ ಲೆಕ್ಕ ಹಾಕಬೇಡಿ. ದೂರ ಕಮ್ಮಿ, ಆದರೆ ಇರುವುದು ಮುಖ್ಯವಾಗಿ ಒಂದೇ ರಸ್ತೆ. ಅದರ ಮೇಲೇ ಊರಿನವರು, ಶಾಲೆ ಬಸ್ಸು, ನಾಲ್ಕೈದು ಹಡಗಿನಿಂದ ಇಳಿದ ಪ್ರವಾಸಿಗರು ಎಲ್ಲರೂ ಓಡಾಡಬೇಕು. ಸಿಂಪ್ಸನ್ ಬೇ ಹತ್ತಿರದ ಸೇತುವೆಯನ್ನು ದೋಣಿಗಳಿಗೆ ದಾರಿ ಬಿಡಲು ದಿನಕ್ಕೆ ಕೆಲವು ಸಲ ಎತ್ತುತ್ತಾರೆ. ಆಗ ಎರಡೂ ಕಡೆ ಗಾಡಿ ಸಾಲುಗಟ್ಟುತ್ತದೆ. ಅಲ್ಲಿಯ ಲಗೂನಿನ (ಸಮುದ್ರಕ್ಕೆ ಸೇರಿದ ಹಿನ್ನೀರಿನ) ಮೇಲೆ ಇನ್ನೊಂದು ಸೇತುವೆ 2013ರಲ್ಲಿ ಆದಮೇಲೆ ಪರವಾಗಿಲ್ಲ, ಆದರೂ ಮಧ್ಯಾಹ್ನ ಎರಡೂವರೆಯ ಮೇಲೆ ವಿಮಾನ ನಿಲ್ದಾಣದ ಕಡೆಯಿಂದ ಬಂದರಿಗೆ ಬರುವ ರಸ್ತೆಯನ್ನು ನಾನು ನಂಬುವುದಿಲ್ಲ. ಅದಕ್ಕೇ ನನ್ನ ಸಲಹೆ ಇಷ್ಟೇ: ವಾಪಸ್ ಬರುವ ಹೊತ್ತನ್ನು ಮೊದಲು ಗಟ್ಟಿ ಮಾಡಿ, ಊಟದ ಜಾಗವನ್ನು ಆಮೇಲೆ, ನೋಡುವ ಜಾಗಗಳನ್ನು ಕೊನೆಗೆ. ಹೆಚ್ಚಿನವರು ಇದನ್ನು ತಲೆಕೆಳಗೆ ಮಾಡುತ್ತಾರೆ.

ನಿಮ್ಮ ಮನೆಯವರಿಗೆ ಹೊಂದುವ ದಾರಿ ಹೇಳುತ್ತೇನೆ. ಎಂಟೂವರೆಗೆ ಇಳಿಯಿರಿ. ಬಂದರಿನ ಅಂಗಳದಲ್ಲೇ ಟ್ಯಾಕ್ಸಿ ಹಂಚುವವರು ನಿಂತಿರುತ್ತಾರೆ. ಮೀಟರ್ ಇರುವುದಿಲ್ಲ, ಸರ್ಕಾರ ನಿಗದಿ ಮಾಡಿದ ದರ ಜಾಗದಿಂದ ಜಾಗಕ್ಕೆ ಲೆಕ್ಕ. ಆ ದರ ಇಬ್ಬರಿಗೆ, ಮೂರನೆಯವರಿಂದ ತಲೆಗಿಷ್ಟು ಸೇರುತ್ತದೆ. ಐದು ಜನ ಇರುವುದರಿಂದ ಬಿಡಿ ಬಿಡಿ ಸವಾರಿಗಿಂತ ವ್ಯಾನ್ ಒಂದನ್ನೇ ಮಧ್ಯಾಹ್ನದವರೆಗೆ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ಮಾತಾಡುವಾಗ "ಇದು ಇಡೀ ಗಾಡಿಗೆ, ಐದೂ ಜನಕ್ಕೆ ಸೇರಿ, ಡಾಲರ್‌ನಲ್ಲಿ" ಎಂದು ಬಾಯಿಬಿಟ್ಟು ಕೇಳಿ ಖಚಿತ ಮಾಡಿಕೊಳ್ಳಿ, ಹಣ ಕೊನೆಗೆ ಕೊಡಿ.

ಮೊದಲು ಫ್ರೆಂಚ್ ಭಾಗದ ಮಾರಿಗೊ. ಬಂದರಿನ ಪಕ್ಕದಲ್ಲೇ ಸಂತೆ ಕೂರುತ್ತದೆ, ನೆಲ ಸಮತಟ್ಟು. ಮೇಲಿನ ಕೋಟೆಗೆ ಮೆಟ್ಟಿಲು ಹತ್ತಬೇಕು. ಮಾವನವರು ಕೆಳಗೆ ಕಾಫಿ ಕುಡಿಯುತ್ತಿರಲಿ, ನೀವು ಮಗನನ್ನು ಕರೆದುಕೊಂಡು ಹತ್ತಿಬನ್ನಿ. ಹನ್ನೊಂದೂವರೆಗೆ ಅದೇ ಫ್ರೆಂಚ್ ಭಾಗದ ಗ್ರಾಂಡ್ ಕಾಸ್ ಊರಿನಲ್ಲಿ ಊಟ. ಆಮೇಲೆ ಪಶ್ಚಿಮದ ಕಡೆಯಿಂದ ಸುತ್ತಿಕೊಂಡು ಒಂದು ಗಂಟೆಯ ಹೊತ್ತಿಗೆ ನಿಮ್ಮ ಮಗ ಕೇಳಿದ ವಿಮಾನದ ಬೀಚ್, ಅಂದರೆ ಮಾಹೊ. ದೊಡ್ಡ ವಿಮಾನಗಳು ಬರುವುದು ಹೆಚ್ಚಾಗಿ ಮಧ್ಯಾಹ್ನವೇ, ಬೆಳಿಗ್ಗೆ ಹೋದರೆ ಹುಡುಗನಿಗೆ ನಿರಾಸೆ. ಎರಡೂಕಾಲಿಗೆ ಅಲ್ಲಿಂದ ಹೊರಡಲೇಬೇಕು. ಮೂರೂಕಾಲರೊಳಗೆ ಫಿಲಿಪ್ಸ್‌ಬರ್ಗ್ ತಲುಪಿದರೆ ಮಿಕ್ಕ ಸಮಯವನ್ನು ಹಡಗು ಕಣ್ಣೆದುರೇ ಇರುವ ಊರಿನಲ್ಲಿ ನಿಶ್ಚಿಂತೆಯಿಂದ ಕಳೆಯಬಹುದು.

ಮಾಹೊದಲ್ಲಿ ಒಂದು ವಿಷಯಕ್ಕೆ ಮಾತ್ರ ನಾನು ಯಾರ ಮಾತಿಗೂ ಜಗ್ಗುವುದಿಲ್ಲ. ವಿಮಾನ ಇಳಿಯುವುದನ್ನು ಮರಳಿನ ಮೇಲೆ ನಿಂತು ನೋಡಿ. ಏರುವ ವಿಮಾನದ ಹಿಂದೆ, ಬೇಲಿ ಹಿಡಿದುಕೊಂಡು ನಿಲ್ಲುವ ಆಟ ಬೇಡವೇ ಬೇಡ. ಎಂಜಿನ್ನಿನ ಗಾಳಿಗೆ ಎಸೆಯಲ್ಪಟ್ಟು 2017ರ ಜುಲೈನಲ್ಲಿ ನ್ಯೂಜಿಲೆಂಡಿನ ಮಹಿಳೆಯೊಬ್ಬರು ತೀರಿಕೊಂಡರು. ಎಚ್ಚರಿಕೆಯ ಫಲಕ ಅಲ್ಲೇ ಇದೆ, ಜನ ಅದರ ಮುಂದೆಯೇ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮಗನ ಕೈ ಬಿಡಬೇಡಿ.

ಹ್ಯೂಸ್ಟನ್‌ನಿಂದ

ಊಟದ್ದು ನಾ ಹೇಳ್ತೀನ್ರಿ. ನಮ್ಮ ಮನ್ಯಾಗೂ ಅರ್ಧ ಮಂದಿ ಪಕ್ಕಾ ಸಸ್ಯಾಹಾರಿ, ಧಾರವಾಡದಿಂದ ಬಂದ ಅವ್ವ ಅಂತೂ ಬ್ಯಾರೆಯವರ ಎಣ್ಣಿ ವಾಸನಿ ಬಂದ್ರ ತಾಟು ಸರಸಾಕಿ.

ಗ್ರಾಂಡ್ ಕಾಸ್ ಬೀಚಿಗೆ ಹತ್ತಿ ಸಾಲಾಗಿ ತಗಡಿನ ಚಪ್ಪರದ ಊಟದ ಅಂಗಡಿ ಅದಾವು, ಅವಕ್ಕ 'ಲೋಲೊ' ಅಂತಾರ. 2017ರ ಸೆಪ್ಟೆಂಬರ್‌ನಾಗ ಇರ್ಮಾ ಚಂಡಮಾರುತ ಬಂದು ಊರೆಲ್ಲಾ ಬಡಿದು ಹಾಕಿತ್ತು, ಮತ್ತ ಕಟ್ಟಿಕೊಂಡು ನಿಂತಾರ. ಅಲ್ಲಿ ಮುಖ್ಯ ಅಡಿಗಿ ಕೆಂಡದ ಮ್ಯಾಲೆ ಸುಟ್ಟ ಕೋಳಿ, ಹಂದಿ ಪಕ್ಕೆಲುಬು, ಮೀನ, ಲಾಬ್‌ಸ್ಟರ್. ತಿನ್ನೋರಿಗೆ ಅದು ಹಬ್ಬ. ಸಸ್ಯಾಹಾರಿಗೆ ಸಿಗೋದು ಬದಿಗೆ ಕೊಡೋ ಪದಾರ್ಥ: ಕರಿದ ಬಾಳಿಕಾಯಿ, ಅನ್ನ-ಕಾಳು, ಜೋಳದ ತೆನಿ, ಕೋಸಿನ ಸಲಾಡ್, ಮ್ಯಾಕರೋನಿ ಪೈ, ಮೈದಾದ ಜಾನಿ ಕೇಕ್. ಇವನ್ನ ಕೂಡಿಸಿದ್ರ ಹೊಟ್ಟಿ ತುಂಬತದ. ಆದ್ರ ಕೇಳ್ರಿ: ಆ ಅನ್ನ-ಕಾಳಿನಾಗ ಉಪ್ಪು ಹಾಕಿದ ಮಾಂಸದ ತುಂಡು ಹಾಕಿ ಕುದಿಸೋದು ಈ ಕಡೆ ದ್ವೀಪದಾಗ ವಾಡಿಕಿ. ಮ್ಯಾಕರೋನಿ ಪೈದಾಗ ತತ್ತಿ ಇರಬಹುದು, ಸಲಾಡಿನ ಮೇಯನೇಸ್‌ನಾಗ ಇದ್ದೇ ಇರತದ. 'ವೆಜಿಟೇರಿಯನ್' ಅಂತ ಒಂದೇ ಶಬ್ದ ಹೇಳಿದ್ರ ಸಾಲದು. ಮಾಂಸ ಇಲ್ಲ, ಮೀನ ಇಲ್ಲ, ಕೋಳಿ ನೀರಿನಾಗ ಬೇಯಿಸಿಲ್ಲ, ತತ್ತಿ ಇಲ್ಲ ಅಂತ ಬಿಡಿಸಿ ಬಿಡಿಸಿ ಕೇಳಬೇಕು. ಅವರು ಬ್ಯಾಸರ ಮಾಡ್ಕೊಳ್ಳಂಗಿಲ್ಲ, ಒಳಗ ಹೋಗಿ ಕೇಳಿಕೊಂಡು ಬಂದು ಹೇಳತಾರ. ಒಂದೇ ಸರಳಿನ ಮ್ಯಾಲೆ ಎಲ್ಲಾ ಸುಡೋದು ನಿಮ್ಮ ಅತ್ತಿಯವರಿಗೆ ಸರಿ ಬರಲಿಕ್ಕಿಲ್ಲ, ಹಂಗಾಗಿ ಸುಟ್ಟ ತೆನಿ ಬಿಟ್ಟು ಬೇಯಿಸಿದ್ದು ಕೇಳ್ರಿ.

ಅತ್ತಿಯವರಿಗೆ ಖರೆ ಊಟ ಬೇಕಂದ್ರ ಡಚ್ ಭಾಗಕ್ಕ ಬರ್ರಿ. ಫಿಲಿಪ್ಸ್‌ಬರ್ಗಿನ ಫ್ರಂಟ್ ಸ್ಟ್ರೀಟ್‌ನಾಗ ವಜ್ರ, ಗಡಿಯಾರ, ಕ್ಯಾಮೆರಾ ಮಾರೋ ಅಂಗಡಿಯವರು ಭಾಳ ಮಂದಿ ಸಿಂಧಿಗಳು. ಸುಂಕ ಇಲ್ಲದ ಬಂದರು ಅಂತ ವ್ಯಾಪಾರಕ್ಕ ಬಂದು ಅಲ್ಲೇ ನೆಲಿ ನಿಂತ ಮನೆತನಗಳು. ಅವರಿಗೋಸ್ಕರ ಭಾರತದ ಊಟದ ಹೋಟೆಲ್ಲೂ ಊರಾಗ ಅದಾವು. ಯಾವುದು ಈಗ ಛಲೋ ಅದ ಅಂತ ಅಂಗಡಿಯವರನ್ನ ಹಿಂದಿಯೊಳಗ ಕೇಳ್ರಿ, ತಾವು ಮಧ್ಯಾಹ್ನ ಎಲ್ಲಿಂದ ಡಬ್ಬಿ ತರಿಸ್ತಾರೋ ಅದನ್ನೇ ಹೇಳತಾರ. ನಮ್ಮ ಅವ್ವಗ ದಾಲ್, ಫುಲ್ಕಾ ಸಿಕ್ಕಿದ್ದು ಹಂಗ. ಇನ್ನೊಂದು, ರೋಟಿ ಅಂಗಡಿ ನೋಡ್ರಿ. ಗಯಾನಾಕ್ಕ 1838ರಿಂದ, ಟ್ರಿನಿಡಾಡ್‌ಗೆ 1845ರಿಂದ ಕಬ್ಬಿನ ತೋಟಕ್ಕ ಕೂಲಿ ಕರಾರಿನ ಮ್ಯಾಲೆ ಹೋದ ನಮ್ಮ ದೇಶದ ಮಂದಿ ಕೈಯಿಂದ ಹುಟ್ಟಿದ ಊಟ ಅದು. ಹಳದಿ ಬಟಾಣಿ ಬ್ಯಾಳಿ ಪುಡಿ ತುಂಬಿದ ದೊಡ್ಡ ರೋಟಿಯೊಳಗ ಕಡಲಿಕಾಳು-ಬಟಾಟಿ ಪಲ್ಯ ಸುತ್ತಿ ಕೊಡತಾರ. ಭಾಳ ಅಂಗಡಿಯಾಗ ಮಾಂಸದ್ದೂ ಇರತದ, ಚನ್ನಾ-ಆಲೂ ಅಂತ ಕೇಳಿ ತೊಗೋರಿ. ಕೂಲಿಗೆ ಹೋದ ಮಂದಿ ಅಷ್ಟು ಕಷ್ಟದಾಗೂ ತಮ್ಮ ರೊಟ್ಟಿ ಬಿಟ್ಟಿಲ್ಲ ಅಂತ ನೆನಸಿದಾಗ ನನಗ ಕಣ್ಣಾಗ ನೀರು ಬಂದಿತ್ತು.

ಮೆಣಸಿನಕಾಯಿ ಸಾಸ್ ಬಾಟಲಿ ಮೇಜಿನ ಮ್ಯಾಲೆ ಇರತದ. ಹುಡುಗಗ ಮುಟ್ಟಿಸಬ್ಯಾಡ್ರಿ, ಸ್ಕಾಚ್ ಬಾನೆಟ್ ಮೆಣಸಿನಕಾಯಿ ಬ್ಯಾಡಗಿಗಿಂತ ಎಷ್ಟೋ ಪಟ್ಟು ಖಾರ.

ರೊಕ್ಕ: ಡಾಲರ್ ಎರಡೂ ಕಡೆ ನಡೀತದ. ಫ್ರೆಂಚ್ ಭಾಗದಾಗ ದರ ಯೂರೋದಾಗ ಬರದಿರತಾರ. ಭಾಳಷ್ಟು ಲೋಲೊದವರು ನಗದು ಕೊಟ್ರ ಒಂದು ಡಾಲರಿಗೆ ಒಂದು ಯೂರೋ ಹಿಡೀತಾರ, ಕಾರ್ಡಿಗೆ ಹಿಡಿಯಂಗಿಲ್ಲ. ಸಣ್ಣ ನೋಟು ಇಟ್ಟುಕೊಳ್ರಿ. ಟಿಪ್ಸ್ ಕೊಡೋಕಿಂತ ಮೊದಲು ಬಿಲ್ಲಿನಾಗ ಸರ್ವಿಸ್ ಚಾರ್ಜ್ ಸೇರಿದೆಯೇನು ನೋಡ್ರಿ.

ಟೊರಾಂಟೊದಿಂದ

ಮೇಲಿನವರ ಮಾತಿಗೆ ನನ್ನ ಸಣ್ಣ ತಕರಾರು ಇದೆ. ಮಂಡಿನೋವಿನ ಹಿರಿಯರಿದ್ದಾಗ ದ್ವೀಪ ಸುತ್ತುವ ಆಸೆಯನ್ನೇ ಬಿಡಬಹುದು. ನಾವು ಅಪ್ಪನನ್ನು ಕರೆದುಕೊಂಡು ಹೋದಾಗ ಹಡಗುಕಟ್ಟೆಯಿಂದ ವಾಟರ್ ಟ್ಯಾಕ್ಸಿ ಹಿಡಿದೆವು. ದಿನವಿಡೀ ಓಡಾಡಲು ಕೈಗೆ ಪಟ್ಟಿ ಕಟ್ಟುತ್ತಾರೆ, ಕೆಲವೇ ನಿಮಿಷದಲ್ಲಿ ಫಿಲಿಪ್ಸ್‌ಬರ್ಗ್ ಊರಿನ ಮುಂದೆಯೇ ಇಳಿಸುತ್ತಾರೆ. ದೋಣಿಗೆ ಕಾಲಿಡುವಾಗ ಒಂದು ಮೆಟ್ಟಿಲಿನಷ್ಟು ತಗ್ಗು, ಸಿಬ್ಬಂದಿ ಕೈ ಹಿಡಿಯುತ್ತಾರೆ. ಗ್ರೇಟ್ ಬೇ ಬೀಚಿನ ಉದ್ದಕ್ಕೂ ಸಪಾಟಾದ ಕಾಲುದಾರಿ ಇದೆ. ಛತ್ರಿ, ಎರಡು ಕುರ್ಚಿ ಬಾಡಿಗೆಗೆ ಸಿಗುತ್ತವೆ, ಹಿಂದಿನ ಬೀದಿಯಲ್ಲೇ ಊಟ. ಅಪ್ಪ ಮಧ್ಯಾಹ್ನದವರೆಗೆ ಸಮುದ್ರ ನೋಡುತ್ತಾ ಕೂತರು, ಆ ಇಡೀ ಪ್ರವಾಸದಲ್ಲಿ ಅವರಿಗೆ ಇಷ್ಟವಾದ ದಿನ ಅದೇ. ನೀವಿಬ್ಬರು ಮಗನನ್ನು ಕರೆದುಕೊಂಡು ಬ್ಯಾಕ್ ಸ್ಟ್ರೀಟ್‌ನಿಂದ ಮಿನಿಬಸ್ಸಿನಲ್ಲಿ ಮಾಹೊಗೆ ಹೋಗಿಬರಬಹುದು. ನಂಬರ್ ಪ್ಲೇಟಿನ ಮೇಲೆ 'ಬಸ್' ಎಂದಿರುತ್ತದೆ, ಮುಂದಿನ ಗಾಜಿಗೆ ಊರಿನ ಹೆಸರು ಇಟ್ಟಿರುತ್ತಾರೆ, ಇಳಿಯುವ ಜಾಗ ಬಂದಾಗ ಕೂಗಿ ಹೇಳಬೇಕು. ತಲೆಗೆ ಒಂದೆರಡು ಡಾಲರ್. ವೇಳಾಪಟ್ಟಿ ಅಂತ ಇಲ್ಲ, ಹಾಗಾಗಿ ವಾಪಸಿಗೆ ಟ್ಯಾಕ್ಸಿಯೇ ಸರಿ.

ಊರೊಳಗೆ 1793ರ ಕೋರ್ಟ್ ಕಟ್ಟಡ, ಊರ ಹಿಂದೆ ದೊಡ್ಡ ಉಪ್ಪಿನ ಕೊಳ ಇವೆ. ಡಚ್ಚರು ಈ ದ್ವೀಪಕ್ಕೆ ಬಂದದ್ದೇ ಆ ಉಪ್ಪಿಗಾಗಿ. ಅದನ್ನು ಬಾಚಿದವರು ಆಫ್ರಿಕಾದಿಂದ ತಂದ ಗುಲಾಮರು. ಫ್ರೆಂಚ್ ಭಾಗದಲ್ಲಿ ಗುಲಾಮಗಿರಿ 1848ರಲ್ಲಿ ರದ್ದಾಯಿತು, ಡಚ್ ಭಾಗದಲ್ಲಿ ಆ ಕಾನೂನು ಜಾರಿಗೆ ಬಂದದ್ದು 1863ಕ್ಕೆ. ನಡುವಿನ ಆ ವರ್ಷಗಳಲ್ಲಿ ಫ್ರೆಂಚ್ ಕಡೆಗೆ ಕಾಲಿಟ್ಟವರು ಸ್ವತಂತ್ರರು. ನೀವು ವ್ಯಾನಿನಲ್ಲಿ ದಾಟಿಹೋಗುವ ಗಡಿ ಅದೇ. ಮಗನಿಗೆ ಹೇಳಿ, ವಿಮಾನಕ್ಕಿಂತ ಹೆಚ್ಚು ದಿನ ನೆನಪಿರುತ್ತದೆ.

ಷಾರ್ಲಟ್‌ನಿಂದ, ಮತ್ತೆ

ತುಂಬಾ ಉಪಕಾರವಾಯಿತು. ಅತ್ತೆ ಕೇಳುತ್ತಿದ್ದಾರೆ: ಬೆಳಿಗ್ಗೆ ಹಡಗಿನ ಬಫೆಯಿಂದಲೇ ಬ್ರೆಡ್, ಹಣ್ಣು ಕಟ್ಟಿಕೊಂಡು ಇಳಿದರೆ ಆಗದೇ? ಮನೆಯಿಂದ ಪುಳಿಯೋಗರೆ ಗೊಜ್ಜು ತರಬಹುದೇ? ಪಾಸ್‌ಪೋರ್ಟ್ ಜೊತೆಯಲ್ಲಿ ಇರಬೇಕೇ?

ಸಿಯಾಟಲ್‌ನಿಂದ

ಬಫೆಯ ಹಣ್ಣು, ಅಡುಗೆ ದಡಕ್ಕೆ ಒಯ್ಯುವಂತಿಲ್ಲ. ಗಿಡಗಳ ರೋಗ, ಕೀಟ ಹರಡಬಾರದೆಂದು ಹೆಚ್ಚಿನ ಬಂದರುಗಳಲ್ಲಿ ಈ ನಿಯಮ ಇದೆ. ಸ್ಯಾನ್ ವಾನ್, ಸೇಂಟ್ ಥಾಮಸ್ ಎರಡೂ ಅಮೆರಿಕದ ಆಡಳಿತದಲ್ಲಿರುವುದರಿಂದ ಅಲ್ಲಿ ಇನ್ನೂ ಬಿಗಿ. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಡಗು ಹತ್ತಿಸಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಂಗಡಿಯಲ್ಲಿ ಸೀಲ್ ಮಾಡಿದ ಚಕ್ಕುಲಿ, ಖಾಕ್ರಾ, ಗೊಜ್ಜಿನ ಪ್ಯಾಕೆಟ್ಟು ಪರವಾಗಿಲ್ಲ. ಹಡಗು ಹತ್ತಿದ ಮೊದಲ ಸಂಜೆಯೇ ಊಟದ ಮನೆಯ ಮುಖ್ಯಸ್ಥರಿಗೆ ಅತ್ತೆಯವರ ಪಥ್ಯ ಹೇಳಿಬಿಡಿ, ಮರುದಿನದ ಭಾರತೀಯ ಅಡುಗೆ ಮೊದಲೇ ಹೇಳಿ ಮಾಡಿಸಿಕೊಳ್ಳಬಹುದು.

ಪಾಸ್‌ಪೋರ್ಟ್ ಬಗ್ಗೆ ನಮ್ಮ ಮನೆಯಲ್ಲೇ ಎರಡು ಮತ. ನಾನು ಮೂಲ ಪ್ರತಿಯನ್ನು ಕ್ಯಾಬಿನ್ನಿನ ತಿಜೋರಿಯಲ್ಲಿಟ್ಟು ನಕಲು, ಫೋಟೊ ಇರುವ ಗುರುತಿನ ಚೀಟಿ, ಹಡಗಿನ ಕಾರ್ಡು ಒಯ್ಯುತ್ತೇನೆ. ನನ್ನ ಹೆಂಡತಿ ಮೂಲವನ್ನೇ ಒಯ್ಯುತ್ತಾಳೆ, ಹಡಗು ತಪ್ಪಿದರೆ ಮುಂದಿನ ವಿಮಾನ ಹತ್ತಲು ಅದೇ ಬೇಕಲ್ಲವೇ ಎನ್ನುತ್ತಾಳೆ. ಅದಕ್ಕಿಂತ ಮುಖ್ಯವಾದದ್ದು, ಭಾರತದ ಪಾಸ್‌ಪೋರ್ಟಿಗೆ ಪ್ರತಿ ನಿಲ್ದಾಣದಲ್ಲಿ ವೀಸಾ ಏನು ಬೇಕೆಂದು ಹಡಗಿನ ಕಂಪನಿಯಿಂದ ಈಗಲೇ ಬರವಣಿಗೆಯಲ್ಲಿ ಪಡೆಯಿರಿ. ಡಚ್ ಭಾಗ, ಫ್ರೆಂಚ್ ಭಾಗ ಎರಡರ ಪ್ರವೇಶ ನಿಯಮವೂ ಬೇರೆ ಬೇರೆ, ಎರಡನ್ನೂ ಕೇಳಿ. ಅತ್ತೆ-ಮಾವನವರ ಅಮೆರಿಕ ವೀಸಾದಲ್ಲಿ ಹಲವು ಸಲ ಪ್ರವೇಶಕ್ಕೆ ಅನುಮತಿ ಇದೆಯೇ ಎಂದೂ ನೋಡಿಕೊಳ್ಳಿ.

ಗಡಿಯಾರ! ಡಿಸೆಂಬರ್‌ನಲ್ಲಿ ಈ ದ್ವೀಪಗಳು ಮಯಾಮಿಗಿಂತ ಒಂದು ಗಂಟೆ ಮುಂದೆ. ಕೆಲವು ಹಡಗು ತನ್ನ ಗಡಿಯಾರ ಬದಲಿಸುತ್ತದೆ, ಕೆಲವು ಬದಲಿಸುವುದಿಲ್ಲ, ನಿಮ್ಮ ಫೋನ್ ಮಾತ್ರ ತಾನೇ ಬದಲಾಯಿಸಿಕೊಂಡಿರುತ್ತದೆ. ಕೈಗಡಿಯಾರಕ್ಕೆ ಹಡಗಿನ ಸಮಯ ಇಟ್ಟುಕೊಳ್ಳಿ. 5ಕ್ಕೆ ಹೊರಡುವ ಹಡಗು ನಾಲ್ಕೂವರೆಗೋ ಇನ್ನೂ ಮೊದಲೋ ಬಾಗಿಲು ಹಾಕುತ್ತದೆ. ಹಡಗಿನದೇ ಟೂರ್ ತಡವಾದರೆ ಕಾಯುತ್ತದೆ, ನಿಮ್ಮ ಟ್ಯಾಕ್ಸಿಗೆ ಕಾಯುವುದಿಲ್ಲ.

ಆರ್ಲ್ಯಾಂಡೊದಿಂದ

ಉಳಿದೆರಡು ನಿಲ್ದಾಣಗಳ ಬಗ್ಗೆ ಎರಡು ಮಾತು. ಸೇಂಟ್ ಥಾಮಸ್‌ನಲ್ಲಿ ಲಾರಿಯ ಹಿಂದೆ ಬೆಂಚು ಹಾಕಿದಂತಿರುವ ತೆರೆದ ಸಫಾರಿ ಟ್ಯಾಕ್ಸಿ ಓಡುತ್ತವೆ, ದರ ತಲೆಗೆ ಲೆಕ್ಕ, ಬೆಂಚು ತುಂಬುವವರೆಗೆ ಹೊರಡುವುದಿಲ್ಲ. ಹತ್ತುವ ಮೆಟ್ಟಿಲು ಎತ್ತರ, ಮಾವನವರಿಗೆ ಮುಚ್ಚಿದ ವ್ಯಾನ್ ಕೇಳಿ. ಅಲ್ಲಿ ಜೋಳದ ಹಿಟ್ಟು, ಬೆಂಡೆಕಾಯಿ ಹಾಕಿ ತಿರುವಿದ ಫುಂಜಿ ಸಿಗುತ್ತದೆ, ನಮ್ಮ ಮುದ್ದೆಯ ಹಾಗೇ ಉಂಡೆ ಕಟ್ಟಿ ಬಡಿಸುತ್ತಾರೆ. ಜೊತೆಗೆ ಬರುವುದು ಮೀನಿನ ಸಾರು, ಅದು ಬೇಡವೆಂದು ಮೊದಲೇ ಹೇಳಬೇಕು.

ಸ್ಯಾನ್ ವಾನ್‌ನಲ್ಲಿ ಹೆಚ್ಚಿನ ಹಡಗುಕಟ್ಟೆಗಳಿಂದ ಹಳೇ ಊರಿಗೆ ನಡೆದೇ ಹೋಗಬಹುದು, ಆದರೆ ಕಲ್ಲು ಹಾಸಿದ ಏರುದಾರಿ. ಎರಡು ಕೋಟೆಗಳಿಗೆ ಒಂದೇ ಟಿಕೆಟ್, 24 ಗಂಟೆ ನಡೆಯುತ್ತದೆ. ಅಲ್ಲಿ ಬಾಳೆಕಾಯಿಯ ಮೊಫೊಂಗೊ ನೋಡಲು ಸಸ್ಯಾಹಾರದಂತಿದ್ದರೂ ಹಂದಿಯ ಚರ್ಮದ ಚೂರು ಸೇರಿಸಿ ಜಜ್ಜಿರುತ್ತಾರೆ, ತೊಗರಿಕಾಳಿನ ಅನ್ನದಲ್ಲೂ ಸಾಮಾನ್ಯವಾಗಿ ಹಂದಿಮಾಂಸ ಇರುತ್ತದೆ. ಅತ್ತೆಯವರಿಗೆ ಬಾಳೆಕಾಯಿ ಚಪ್ಪಟೆ ಮಾಡಿ ಎರಡು ಸಲ ಕರಿದ ತೊಸ್ತೋನೆ ಕೊಡಿಸಿ. ಅದೇ ಎಣ್ಣೆಯಲ್ಲಿ ಮಾಂಸ ಕರಿಯುತ್ತೀರಾ ಎಂದು ಕೇಳಿಯೇ ತೆಗೆದುಕೊಳ್ಳಿ.