ದಿಲ್ಲಿಯ ಅಗ್ಗದ ಡೀಸೆಲ್ ಕಾರು ಇಲ್ಲಿಗೆ ತಂದರೆ ನಿಜಕ್ಕೂ ದುಡ್ಡು ಉಳಿಯುತ್ತದಾ?

ಹೆದ್ದಾರಿ ಹುಡುಗ:
ಮನೆಯಲ್ಲಿ ಆರು ಜನ. ಏಳು ಸೀಟಿನ ಡೀಸೆಲ್ ಗಾಡಿ ಹುಡುಕುತ್ತಿದ್ದೇನೆ. 2016ರ ಎಕ್ಸ್‌ಯುವಿ500ಗೆ ಬೆಂಗಳೂರಿನಲ್ಲಿ ಆರೂವರೆ ಲಕ್ಷ ಹೇಳುತ್ತಾರೆ. ಅದೇ ವರ್ಷದ, ಅದೇ ಮಾಡೆಲ್‌ನ ಗಾಡಿ ದಿಲ್ಲಿಯಲ್ಲಿ ನಾಲ್ಕು ಲಕ್ಷಕ್ಕೆ ಇದೆ. ಓಡಿದ್ದೂ ಕಡಿಮೆ. ಎರಡೂವರೆ ಲಕ್ಷ ವ್ಯತ್ಯಾಸ! ವಿಮಾನದಲ್ಲಿ ಹೋಗಿ ಓಡಿಸಿಕೊಂಡು ಬಂದರೂ ಲಾಭವೇ ಅಲ್ವಾ? ಮತ್ತೆ ಎಲ್ಲರೂ ಯಾಕೆ ಹೀಗೆ ಮಾಡುವುದಿಲ್ಲ?

ಲೆಕ್ಕದ ಮೇಷ್ಟ್ರು:
ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಎರಡೂವರೆ ಲಕ್ಷ ಜೇಬಿಗೆ ಬರುವುದಿಲ್ಲ. ಕರ್ನಾಟಕಕ್ಕೆ ತಂದು ಮರುನೋಂದಣಿ ಮಾಡಿಸುವಾಗ ಇಲ್ಲಿನ ಜೀವಿತಾವಧಿ ತೆರಿಗೆ ಕಟ್ಟಬೇಕು. ಆ ತೆರಿಗೆ ನೀವು ಕೊಟ್ಟ ನಾಲ್ಕು ಲಕ್ಷದ ಮೇಲೆ ಅಲ್ಲ, ಗಾಡಿ ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಹಲವರು ಎಡವುವುದು ಇಲ್ಲೇ.

ಹೊಸದರಲ್ಲಿ 14 ಲಕ್ಷದ ಗಾಡಿ ಅಂದುಕೊಳ್ಳಿ. 10ರಿಂದ 20 ಲಕ್ಷದ ಕಾರಿಗೆ ನಮ್ಮಲ್ಲಿ ಶೇ 17, ಅದರ ಮೇಲೆ ಸೆಸ್. ಗಾಡಿಗೆ ವಯಸ್ಸಾದಂತೆ ಈ ತೆರಿಗೆ ಇಳಿಯುತ್ತದೆ. ಆದರೆ ನಿಧಾನವಾಗಿ. ಒಂಬತ್ತು ದಾಟಿ ಹತ್ತರ ಒಳಗಿರುವ ಗಾಡಿಗೂ ಹೊಸ ಗಾಡಿಯ ತೆರಿಗೆಯ ಸುಮಾರು ಅರ್ಧ ಬೀಳುತ್ತದೆ. ಸೆಸ್ ಸೇರಿ 1.3 ಲಕ್ಷದ ಹತ್ತಿರ. ನಾಲ್ಕು ಲಕ್ಷದ ಗಾಡಿಗೆ 1.3 ಲಕ್ಷ ತೆರಿಗೆ! ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕಿತೋ ಈ ಹೊರೆ ಅಷ್ಟು ಜಾಸ್ತಿ ಕಾಣುತ್ತದೆ.

ಸೆಕೆಂಡ್ ಗೇರ್:
ಮೇಷ್ಟ್ರು ಸುಮ್ನೆ ಹೆದರಿಸುತ್ತಾರೆ. ನಿಮ್ಮ ಲೆಕ್ಕವನ್ನೇ ಹಿಡಿದರೂ ಇನ್ನೂ 1.2 ಲಕ್ಷ ಉಳಿಯಿತಲ್ಲ? ಅದೇನು ಕಡಿಮೆಯಾ? ನಾನು ತಂದಿದ್ದೇನೆ, ಚೆನ್ನಾಗಿಯೇ ಓಡುತ್ತಿದೆ. ದಿಲ್ಲಿಯಲ್ಲಿ ಮೂಲ ಮಾಲೀಕರು ಗಾಡಿಯನ್ನು ಚೆನ್ನಾಗಿ ಇಟ್ಟಿರುತ್ತಾರೆ. ಮಾರುವುದು ಗಾಡಿ ಕೆಟ್ಟಿದೆ ಅಂತ ಅಲ್ಲ, ಕಾನೂನು ಓಡಿಸಲು ಬಿಡುವುದಿಲ್ಲ ಅಂತ.

ಇನ್ನೊಂದು ಮಾತು. ತಂದ ಮರುದಿನವೇ ತೆರಿಗೆ ಕಟ್ಟಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 47ರಲ್ಲಿ 12 ತಿಂಗಳು ಅಂತ ಇದೆ.

ಲೆಕ್ಕದ ಮೇಷ್ಟ್ರು:
ಆ 12 ತಿಂಗಳು ಹೊಸ ನಂಬರ್ ತೆಗೆದುಕೊಳ್ಳುವುದಕ್ಕೆ ಇರುವ ಗಡುವು, ತೆರಿಗೆ ಮಾಫಿ ಅಲ್ಲ. ಅದೂ ಅಲ್ಲದೆ ಗಾಡಿ ಕೊಂಡು ತಂದ ಮೇಲೆ ಹೆಸರು ಬದಲಾಗಬೇಕಲ್ಲ? ಅದಕ್ಕೆ ಇಲ್ಲಿನ ಆರ್‌ಟಿಒಗೆ ಹೋಗಲೇಬೇಕು. ಹೋದರೆ ತೆರಿಗೆ ಕೇಳುತ್ತಾರೆ. ಹೋಗದೆ ಇನ್ನೊಬ್ಬರ ಹೆಸರಿನ ಆರ್‌ಸಿ ಇಟ್ಟುಕೊಂಡು ಓಡಿಸುತ್ತಾ ಇದ್ದರೆ, ನಾಳೆ ಅಪಘಾತವಾದಾಗ ವಿಮೆಯವರ ಮುಂದೆ ಏನು ಹೇಳುತ್ತೀರಿ?

ಮಲೆನಾಡ ಮಳೆ:
ದಿಲ್ಲಿ ನಿಯಮದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಬೆಲೆಯ ಗುಟ್ಟು ಇರುವುದು ಅಲ್ಲೇ. ರಾಜಧಾನಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಬಾರದು ಅಂತ ಹಸಿರು ನ್ಯಾಯಮಂಡಳಿ ಹೇಳಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಎಂಟು, ಒಂಬತ್ತನೇ ವರ್ಷದಲ್ಲೇ ಅಲ್ಲಿ ಡೀಸೆಲ್ ಗಾಡಿಯ ಬೆಲೆ ಧಡಕ್ ಅಂತ ಬೀಳುತ್ತದೆ. ಅದೇ ಗಾಡಿಗೆ ನಮ್ಮ ಕಡೆ 15 ವರ್ಷದವರೆಗೆ ನೋಂದಣಿ, ಆಮೇಲೆ ನವೀಕರಣ.

2025ರಲ್ಲಿ ಇದು ಅಲುಗಾಡಿತು. ಜುಲೈ 1ರಿಂದ ದಿಲ್ಲಿಯ ಬಂಕ್‌ಗಳಲ್ಲಿ ಹಳೆ ಗಾಡಿಗೆ ಎಣ್ಣೆ ಹಾಕಬಾರದು ಅಂದರು, ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಅಂತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 (ಹೊಗೆ ಮಾಲಿನ್ಯದ ಮಾನದಂಡ) ಮತ್ತು ಅದಕ್ಕಿಂತ ಹೊಸ ಗಾಡಿಗಳಿಗೆ ಮಾತ್ರ ಉಳಿಸಿತು. ದಿಲ್ಲಿಗೆ ಬಿಎಸ್-4 ಬಂದಿದ್ದು 2010ರಲ್ಲೇ. ಅಂದರೆ 2016ರ ಗಾಡಿ ಇಟ್ಟುಕೊಂಡವರಿಗೆ ಮೊದಲಿನ ಗಾಬರಿ ಇಲ್ಲ. ಗಾಬರಿ ಇಲ್ಲದಿದ್ದರೆ ಚೌಕಾಸಿಯೂ ಕಷ್ಟ. ಹಾಗಿದ್ದೂ ಯಾರಾದರೂ ತೀರಾ ಕಡಿಮೆಗೆ ಕೊಡುತ್ತಾರೆ ಅಂದರೆ ಯಾಕೆ ಅಂತ ಕೇಳಬೇಕು.

ಗ್ಯಾರೇಜ್ ಗೆಳೆಯ:
ಇದು ಸರಿಯಾದ ಮಾತು. ನಾನು ಗಾಡಿ ಕೆಳಗೆ ಮಲಗುವವನು, ಆ ಕಡೆಯಿಂದ ಹೇಳುತ್ತೇನೆ.

2016ರ ದಿಲ್ಲಿ ಎಕ್ಸ್‌ಯುವಿ ಅಂದರೆ ಮೊದಲು ಯಾವ ತಿಂಗಳಿನದು ಅಂತ ನೋಡಿ. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಲ್ಲಿ 2000 ಸಿಸಿ ಮತ್ತು ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿತ್ತು. 2016ರ ಆಗಸ್ಟ್‌ವರೆಗೆ ಹಾಗೇ ಇತ್ತು. ಆ ಹೊತ್ತಿನಲ್ಲಿ ಕಂಪನಿ ದಿಲ್ಲಿಗೆ ಅಂತಲೇ 1.99 ಲೀಟರ್ ಎಂಜಿನ್ ಹಾಕಿ ಮಾರಿತು. ಇಲ್ಲಿ ನಾವು ದಿನಾ ಬಿಚ್ಚುವುದು 2.2 ಲೀಟರ್‌ದು. 1.99 ಕೆಟ್ಟದ್ದು ಅಂತಲ್ಲ. ಆದರೆ ಕೊಳ್ಳುವಾಗ ಗೊತ್ತಿರಬೇಕು, ಮಾರುವಾಗ ಕೊಳ್ಳುವವನು ಕೇಳಿಯೇ ಕೇಳುತ್ತಾನೆ.

ಇನ್ನು ಕಿಲೋಮೀಟರ್. "ಕಡಿಮೆ ಓಡಿದೆ" ಅನ್ನುವುದನ್ನು ಮೀಟರ್ ನೋಡಿ ನಂಬಬೇಡಿ. ಬ್ರೇಕ್ ಪೆಡಲ್ ರಬ್ಬರ್, ಸ್ಟೀರಿಂಗ್ ಮೇಲಿನ ಚರ್ಮ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು, ಈ ಮೂರನ್ನು ನೋಡಿ. ಐವತ್ತು ಸಾವಿರ ಕಿಲೋಮೀಟರ್ ಅಂತಾನೆ, ಪೆಡಲ್ ರಬ್ಬರ್ ನುಣ್ಣಗಾಗಿದೆ ಅಂದರೆ ಎದ್ದು ಬನ್ನಿ. ರಬ್ಬರ್ ಹೊಚ್ಚ ಹೊಸದಾಗಿದ್ದರೂ ಅನುಮಾನ ಪಡಿ.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ನೀರಲ್ಲಿ ಮುಳುಗಿದ ಗಾಡಿಯನ್ನು ಎಷ್ಟೇ ತೊಳೆದರೂ ಬೆಲ್ಟಿನ ಒಳಗಿನ ಕೊನೆಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. 2015ರ ಚೆನ್ನೈ ಪ್ರವಾಹ, 2018ರ ಕೇರಳ ಪ್ರವಾಹ ಆದ ಮೇಲೆ ಈ ಪಾಠ ಬಹಳ ಜನರಿಗೆ ಆಯಿತು.

ಕುಡ್ಲದವ:
ಅಗ್ಗ ಬೇಕಾದರೆ ನಮ್ಮ ಕಡೆ ಬನ್ನಿ, ಮಂಗಳೂರು, ಉಡುಪಿ. ಕೆಎ ನಂಬರೇ, ತೆರಿಗೆ ತಲೆನೋವು ಇಲ್ಲ 😀

ಗ್ಯಾರೇಜ್ ಗೆಳೆಯ:
ಬನ್ನಿ, ಆದರೆ ಟಾರ್ಚ್ ಹಿಡಿದು ಬನ್ನಿ. ಸಮುದ್ರದ ಗಾಳಿ, ನಾಲ್ಕು ತಿಂಗಳ ಮಳೆ. ಬಾಗಿಲಿನ ಕೆಳ ಅಂಚು, ಸೈಲೆನ್ಸರ್, ಸಸ್ಪೆನ್ಷನ್ ಕೂರುವ ಜಾಗದಲ್ಲಿ ತುಕ್ಕು ನೋಡಬೇಕು. ಕೆಳಗೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಲೋಹದ ಸದ್ದು ಬೇರೆ, ತುಕ್ಕು ತಿಂದ ತಗಡಿನ ಸದ್ದು ಬೇರೆ.

ಕುಡ್ಲದವ:
ಮಾರ್ಕೆಟಿಂಗ್ ಹಾಳು ಮಾಡಿದಿರಿ ಮಾರಾಯ್ರೆ.

ಸೆಕೆಂಡ್ ಗೇರ್:
ದಿಲ್ಲಿ ಗಾಡಿಗೆ ತುಕ್ಕಿನ ಕಾಟ ಇಲ್ಲ ನೋಡಿ, ಒಣ ಹವೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮತ್ತೆ ದಿಲ್ಲಿಯಲ್ಲಿ ಕಟ್ಟಿದ ತೆರಿಗೆಯ ಉಳಿದ ಪಾಲು ವಾಪಸ್ ಕೇಳಬಹುದು.

ಧಾರವಾಡ ಪೇಟೆ:
ಕೇಳಬಹುದು. ಬರುವುದು ಬೇರೆ ಮಾತು. ಅದನ್ನು ಲಾಭದ ಲೆಕ್ಕದಲ್ಲಿ ಸೇರಿಸಬೇಡಿ, ಬಂದ ದಿನ ಸಿಹಿ ಹಂಚಿ ಸಾಕು.

ನನ್ನ ತಕರಾರು ಬೇರೆ. ನೀವೆಲ್ಲ ಕೊಳ್ಳುವ ದಿನದ ಲೆಕ್ಕ ಮಾಡುತ್ತಿದ್ದೀರಿ. ಮಾರುವ ದಿನ? ನಾನು ಹಳೆ ಗಾಡಿ ವ್ಯಾಪಾರ ಹತ್ತಿರದಿಂದ ನೋಡುತ್ತೇನೆ. ಕೊಳ್ಳುವವರ ಮೊದಲ ಪ್ರಶ್ನೆಯೇ "ಒರಿಜಿನಲ್ ಕೆಎ ಹೌದೋ ಅಲ್ಲವೋ" ಅಂತ. ದಿಲ್ಲಿಯಿಂದ ಬಂದದ್ದು ಅಂತ ಆರ್‌ಸಿಯಲ್ಲಿ ಕಂಡರೆ ಸಾಕು, ಬೆಲೆ ಇಳಿಸಿ ಕೇಳುತ್ತಾರೆ. ಗಾಡಿ ಎಷ್ಟೇ ಚೆನ್ನಾಗಿರಲಿ. ಅಂದರೆ ಅಲ್ಲಿ ನಿಮಗೆ ಸಿಕ್ಕ ರಿಯಾಯಿತಿಯಲ್ಲಿ ಒಂದಷ್ಟನ್ನು ಇಲ್ಲಿ ಮುಂದಿನವನಿಗೆ ನೀವೇ ಕೊಡುತ್ತೀರಿ.

ಏಳೆಂಟು ವರ್ಷ ಇಟ್ಟುಕೊಳ್ಳುವವರಿಗೆ ಇದು ದೊಡ್ಡ ವಿಷಯ ಅಲ್ಲ. ಎರಡು ವರ್ಷಕ್ಕೆ ಬದಲಾಯಿಸುವ ಚಟ ಇರುವವರು ದಿಲ್ಲಿ ಕಡೆ ಮುಖ ಹಾಕಬೇಡಿ.

ಲೆಕ್ಕದ ಮೇಷ್ಟ್ರು:
ಒಪ್ಪಿದೆ. ಉಳಿದ 1.2 ಲಕ್ಷದಲ್ಲಿ ಇನ್ನೂ ಕಳೆಯಿರಿ. ದಿಲ್ಲಿಯಿಂದ ಬೆಂಗಳೂರಿಗೆ 2,000 ಕಿಲೋಮೀಟರ್‌ಗೂ ಜಾಸ್ತಿ. ಡೀಸೆಲ್, ಟೋಲ್, ಊಟ, ವಸತಿ. ಗಾಡಿ ಹೊರ ರಾಜ್ಯಕ್ಕೆ ಒಯ್ಯಲು ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರಕ್ಕೆ (ಎನ್‌ಒಸಿ) ಓಡಾಡಿದ ಏಜೆಂಟ್ ಖರ್ಚು. ಅಲ್ಲಿ ಸಾಲ ಇದ್ದರೆ ಬ್ಯಾಂಕ್‌ನಿಂದ ತೀರುವಳಿ ಪತ್ರ, ಫಾರ್ಮ್ 35. ಇಲ್ಲಿ ಗಾಡಿ ತೋರಿಸಿ, ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆಸಿ, ನಂಬರ್ ಪ್ಲೇಟ್ ಬದಲಿಸಬೇಕು. ಎಲ್ಲ ಸುಸೂತ್ರವಾದರೆ 60, 70 ಸಾವಿರ ಉಳಿಯಬಹುದು. ಒಂದು ಟರ್ಬೊ ಕೈಕೊಟ್ಟರೆ ಅದೂ ಇಲ್ಲ.

ಸೆಕೆಂಡ್ ಗೇರ್:
ಇಲ್ಲಿ ಕೊಂಡ ಗಾಡಿಯ ಟರ್ಬೊ ಕೈಕೊಡುವುದಿಲ್ವಾ?

ಲೆಕ್ಕದ ಮೇಷ್ಟ್ರು:
ಕೊಡುತ್ತದೆ. ಆದರೆ ಇಲ್ಲಿಯದನ್ನು ನಾಲ್ಕು ಸಲ ನೋಡಿ, ನಮ್ಮ ಮೆಕ್ಯಾನಿಕ್‌ನನ್ನೇ ಕರೆದುಕೊಂಡು ಹೋಗಿ ಕೊಳ್ಳಬಹುದು. ದಿಲ್ಲಿಗೆ ವಿಮಾನ ಹತ್ತಿ ಹೋದವನು ಬರಿಗೈಯಲ್ಲಿ ಬರುವುದಿಲ್ಲ. ಟಿಕೆಟ್ ದುಡ್ಡು ವ್ಯರ್ಥ ಆಗುತ್ತದಲ್ಲ ಅಂತ ಮನಸ್ಸು ಒಪ್ಪದ ಗಾಡಿಯನ್ನೂ ತರುತ್ತಾನೆ. ಮಾರುವವನಿಗೂ ಅದು ಗೊತ್ತು.

ಮಲೆನಾಡ ಮಳೆ:
ರಾಜ್ಯದ ಒಳಗೇ ಹುಡುಕಿ ಅನ್ನುವುದು ನನ್ನ ಸಲಹೆ. ಜಿಲ್ಲೆ ಬದಲಾದರೆ ತೆರಿಗೆ ಮತ್ತೆ ಕಟ್ಟಬೇಕಿಲ್ಲ, ಹೆಸರು ವರ್ಗಾವಣೆ ಅಷ್ಟೇ. ಡೀಸೆಲ್ ಎಸ್‌ಯುವಿಗೆ ಉತ್ತರ ಕರ್ನಾಟಕದಲ್ಲಿ ಬೇಡಿಕೆ ಜಾಸ್ತಿ, ಅಲ್ಲಿ ಅಗ್ಗ ಸಿಗುವುದು ಕಷ್ಟ. ತುಮಕೂರು, ಹಾಸನ, ಶಿವಮೊಗ್ಗ ಕಡೆ ಮನೆಯವರೇ ನೇರವಾಗಿ ಮಾರುವ ಗಾಡಿ ನೋಡಿ. ಡೀಲರ್ ಲಾಭ, ಆ ಲಾಭದ ಮೇಲಿನ ಶೇ 18 ಜಿಎಸ್‌ಟಿ, ಎರಡೂ ಇರುವುದಿಲ್ಲ.

ಹೆದ್ದಾರಿ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ದಿಲ್ಲಿಯವರಿಗೆ ಫೋನ್ ಮಾಡಿ ಯಾವ ತಿಂಗಳ ಗಾಡಿ ಅಂತ ಕೇಳಿದೆ. 2016ರ ಮಾರ್ಚ್ ನೋಂದಣಿ. ಅಂದರೆ 1.99. ಜಾಹೀರಾತಿನಲ್ಲಿ 2.2 ಅಂತ ಹಾಕಿದ್ದಾರೆ! ಅದನ್ನು ಬಿಟ್ಟೆ. ಶಿವಮೊಗ್ಗದಲ್ಲಿ ಒಂದು ಇದೆ, ಒಬ್ಬರೇ ಮಾಲೀಕರು, ಐದೂ ಮುಕ್ಕಾಲು ಹೇಳುತ್ತಿದ್ದಾರೆ. ಭಾನುವಾರ ಹೋಗುತ್ತೇನೆ.

ಗ್ಯಾರೇಜ್ ಗೆಳೆಯ:
ಬೆಳಿಗ್ಗೆ ಬೇಗ ಹೋಗಿ. ನೀವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿ. ಬಾನೆಟ್ ಎತ್ತಿ ಮೊದಲು ಎಂಜಿನ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಟೀ ಕುಡಿದು, ತಣ್ಣಗಾಗುವವರೆಗೆ ಕಾಯಿರಿ. ಸ್ಟಾರ್ಟ್ ಆಗಲು ತಿಣುಕುವ ಎಂಜಿನ್ ಸಿಕ್ಕಿಬೀಳುವುದು ತಣ್ಣಗಿರುವಾಗಲೇ.