ಆಲ್-ಇನ್‌ಗೆ ಕಾಲ್ ಮಾಡಬೇಕಿತ್ತಾ?

ಪ್ರಶ್ನೆ:
ದಾವಣಗೆರೆ ವಿದ್ಯಾನಗರದಿಂದ ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಆನ್‌ಲೈನ್ ಪೋಕರ್ ಆಡುತ್ತಿದ್ದೆ. ಬರೀ ಆಟದ ಚಿಪ್ಸ್, ದುಡ್ಡಿಲ್ಲ. ಕೈಯಲ್ಲಿ ಆಟೀನ್ ಎಕ್ಕ, ಆಟೀನ್ ಗುಲಾಮ. ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿ ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆ) ಇಸ್ಪೀಟ್ ರಾಜ, ಆಟೀನ್ 9, ಆಟೀನ್ 4. ಪಾಟ್‌ನಲ್ಲಿ, ಅಂದರೆ ಪಣದ ರಾಶಿಯಲ್ಲಿ, 1,200. ಎದುರಿನವನು ಸೀದಾ ತನ್ನ ಚಿಪ್ಸ್ ಪೂರ್ತಿ, 3,000, ಆಲ್-ಇನ್ ಅಂದುಬಿಟ್ಟ. ಮಿರ್ಚಿ ಕೈಯಲ್ಲೇ ತಣ್ಣಗಾಯಿತು. ಟೈಮರ್ ಮುಗಿಯುವಾಗ ಫೋಲ್ಡ್ ಒತ್ತಿ ಆಟ ಬಿಟ್ಟುಕೊಟ್ಟೆ. ರಾತ್ರಿಯೆಲ್ಲ ಅದೇ ಯೋಚನೆ. ತಪ್ಪು ಮಾಡಿದೆನಾ?

ಉತ್ತರ 1:
ಲೆಕ್ಕ ಹಾಕಿ ಅಣ್ಣ. ನೀವು ಕಾಲ್ ಮಾಡಿ, ಅಂದರೆ ಅವನಷ್ಟೇ 3,000 ಹಾಕಿದರೆ ಪಾಟ್ ಒಟ್ಟು 7,200. ನೂರಕ್ಕೆ ಸುಮಾರು 42 ಸಲ ಗೆದ್ದರೆ ಅಸಲು. ಉಳಿದ 9 ಆಟೀನ್‌ಗಳಲ್ಲಿ ಒಂದಾದರೂ ಮುಂದಿನ ಎರಡು ಎಲೆಯಲ್ಲಿ ಬಿದ್ದು ಐದು ಆಟೀನ್ (ಫ್ಲಶ್) ಸೇರುವುದು 35 ಸಲ. ಸಾಲದು.

ಉತ್ತರ 2:
ಎಕ್ಕ ಮರೆತಿರಿ ಅಲ್ವಾ? ಅವನ ಹತ್ತಿರ ರಾಜ-ರಾಣಿ ಇದ್ದರೆ ಉಳಿದ ಮೂರು ಎಕ್ಕದಲ್ಲಿ ಒಂದು ಬಿದ್ದರೂ ಇವರ ಎಕ್ಕದ ಜೋಡಿ ಅವನ ರಾಜನ ಜೋಡಿಗಿಂತ ಮೇಲು. ಆಗ 45ರ ಹತ್ತಿರ, ಕಾಲ್ ಸರಿ. ಆದರೆ ಅವನಿಗೆ ಮೂರು 9 ಸೇರಿದ್ದರೆ 25ರ ಆಸುಪಾಸಿಗೆ ಇಳಿಯುತ್ತದೆ. ಅವನು ಮೊದಲು ಎಂಥ ಎಲೆಗೆ ಹೀಗೆ ನುಗ್ಗಿದ್ದ?

ಕೇಳಿದವನು:
ಎರಡು ಸಲವೂ ಬರೀ ರಾಜನ ಜೋಡಿಗೆ. ಹಾಗಾದರೆ ಕಾಲ್ ಮಾಡಬೇಕಿತ್ತು!