ಜಿಪ್ಸಿಯ ಮ್ಯಾನಿಫೋಲ್ಡಿಗೆ ಗರಗಸ ಹಾಕುವ ಮೊದಲು

ಪ್ರಶ್ನೆ (ಸಕಲೇಶಪುರದಿಂದ):
ನಮಸ್ಕಾರ ಸರ್. ನನ್ನ ಬಳಿ ಮಾರುತಿಯ 1.3 ಲೀಟರಿನ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಜಿಪ್ಸಿ ಜೀಪು ಇದೆ. ತೋಟದೊಳಗಿನ ಓಡಾಟಕ್ಕೆ ಮತ್ತು ಮಳೆಗಾಲದ ಕೆಸರಿನ ಸ್ಪರ್ಧೆಗಳಿಗೆ ಮಾತ್ರ ಬಳಸುತ್ತೇನೆ. ಗುಜರಿಯಲ್ಲಿ ಇನ್ನೊಂದು ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹಂಚುವ ಅಲ್ಯೂಮಿನಿಯಂ ಎರಕದ ಭಾಗ) ಸಿಕ್ಕಿತು. ಅದರ ಪ್ಲೀನಮ್, ಅಂದರೆ ಗಾಳಿ ಮೊದಲು ತುಂಬಿಕೊಳ್ಳುವ ಪೆಟ್ಟಿಗೆ, ಕತ್ತರಿಸಿ ತೆಗೆದು, 3 ಮಿ.ಮೀ. ಅಲ್ಯೂಮಿನಿಯಂ ತಗಡಿನ ದೊಡ್ಡ ಪೆಟ್ಟಿಗೆ ಮಾಡಿ ಕೂರಿಸಬೇಕೆಂದಿದ್ದೇನೆ. ಅಲ್ಲಿಂದ ಒಂದೊಂದು ಸಿಲಿಂಡರಿಗೆ ಗಾಳಿ ಒಯ್ಯುವ ಕೊಳವೆಗಳಾದ ರನ್ನರ್‌ಗಳನ್ನೂ ಮೋಟು ಮಾಡುವ ಯೋಚನೆ ಇದೆ. ಗೇಟು, ಗ್ರಿಲ್ಲು ಬೆಸೆದು ಕೈ ಪಳಗಿದೆ. ಆದರೆ ನನ್ನ ಡಿ.ಸಿ. ಇನ್ವರ್ಟರ್ ಮಷೀನಿಗೆ ಟಿಗ್ ಟಾರ್ಚ್ (ಟಂಗ್‌ಸ್ಟನ್ ಕಡ್ಡಿಯ ಆರ್ಕಿನಿಂದ, ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಬೆಸೆಯುವ ಟಾರ್ಚ್) ಸೇರಿಸಿ ಅಲ್ಯೂಮಿನಿಯಂ ಮುಟ್ಟಿದರೆ ಮೇಲೆ ಸುಕ್ಕುಗಟ್ಟಿದ ಬೂದು ಚರ್ಮ, ಒಳಗೆ ಕರಗಿದ ಲೋಹ. ಬೆಸುಗೆಗೆ ಲೋಹ ತುಂಬುವ ಫಿಲ್ಲರ್ ಕಡ್ಡಿ ಗುಂಡುಗುಂಡಾಗಿ ಉರುಳಿ ಬೀಳುತ್ತದೆ. ಇನ್ನೆರಡು ಕ್ಷಣ ತಡೆದರೆ ತಗಡೇ ತೂತು. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ (ಪೀಣ್ಯದ ಆರ್ಗಾನ್ ವೆಲ್ಡರ್):
ಆ ಬೂದು ಚರ್ಮದಲ್ಲೇ ಉತ್ತರವಿದೆ. ಅದು ಅಲ್ಯೂಮಿನಿಯಂ ಆಕ್ಸೈಡ್. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ, ಆಕ್ಸೈಡ್ ಕರಗಲು 2000 ಡಿಗ್ರಿ ದಾಟಬೇಕು. ಹೀಗಾಗಿ ಒಳಗಿನ ಲೋಹ ನೀರಾದರೂ ಮೇಲಿನ ಪೊರೆ ಚೀಲದಂತೆ ಹಿಡಿದುಕೊಂಡಿರುತ್ತದೆ, ಕಡ್ಡಿ ಒಳಕ್ಕೆ ಸೇರುವುದಿಲ್ಲ. ಎ.ಸಿ. ಟಿಗ್ ಮಷೀನಿನಲ್ಲಿ ಕರೆಂಟು ದಿಕ್ಕು ಬದಲಿಸುತ್ತಿರುತ್ತದೆ. ಒಂದು ದಿಕ್ಕಿನಲ್ಲಿ ಲೋಹ ಕರಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಆರ್ಕ್ ಆ ಪೊರೆಯನ್ನು ಒಡೆಯುತ್ತದೆ. ನಿಮ್ಮ ಮಷೀನು ಈ ಎರಡನೆಯ ಕೆಲಸ ಮಾಡುವುದೇ ಇಲ್ಲ. ಅದನ್ನು ಗ್ರಿಲ್ಲಿಗೆ ಇಟ್ಟುಕೊಳ್ಳಿ. ಈ ಕೆಲಸಕ್ಕೆ ಎ.ಸಿ. ಮಷೀನು ಬಾಡಿಗೆಗೆ ತನ್ನಿ, ಇಲ್ಲವೇ ಅದು ಇರುವ ಶಾಪಿನಲ್ಲಿ ಕುಳಿತು ಕಲಿಯಿರಿ.

ಕಬ್ಬಿಣ ಕೆಂಪಾಗಿ ಮುನ್ಸೂಚನೆ ಕೊಡುತ್ತದೆ, ಅಲ್ಯೂಮಿನಿಯಂ ಬಣ್ಣ ಬದಲಿಸದೆ ಕುಸಿದುಬಿಡುತ್ತದೆ. ಆದ್ದರಿಂದ ನೋಡಬೇಕಾದದ್ದು ಹೊಳಪನ್ನು. ಎ.ಸಿ. ಆರ್ಕ್ ಹತ್ತಿ ಸ್ವಲ್ಪ ಹೊತ್ತಿಗೆ ಬೂದು ಮೇಲ್ಮೈ ಹಾಲಿನ ಕೆನೆ ಸರಿದಂತೆ ಬದಿಗೆ ಸರಿದು, ನಡುವೆ ಕನ್ನಡಿಯಂಥ ಪುಟ್ಟ ಮಡು ಕಾಣುತ್ತದೆ. ಕಡ್ಡಿ ತಾಗಿಸಬೇಕಾದದ್ದು ಆಗ. ಒಂದು ಹನಿ ಕೊಟ್ಟು ಕಡ್ಡಿ ಹಿಂದೆಗೆಯಿರಿ, ಆದರೆ ಅದರ ತುದಿ ಆರ್ಗಾನಿನ ನೆರಳಲ್ಲೇ ಇರಲಿ, ಟಾರ್ಚು ಒಂದೆಳೆ ಮುಂದೆ ಹೋಗಲಿ. ಈ ತಾಳ ಕೈಗೆ ಹತ್ತುವ ತನಕ ಮ್ಯಾನಿಫೋಲ್ಡನ್ನು ಕಪಾಟಿನಲ್ಲೇ ಇಡಿ.

3 ಮಿ.ಮೀ. ತಗಡಿಗೆ ಸುಮಾರು 120 ಆಂಪ್, 2.4 ಮಿ.ಮೀ. ಟಂಗ್‌ಸ್ಟನ್, ಅಪ್ಪಟ ಆರ್ಗಾನ್ ನಿಮಿಷಕ್ಕೆ 8ರಿಂದ 10 ಲೀಟರ್. ಕಾಲಿನ ಪೆಡಲ್ ಇದ್ದರೆ ಉತ್ತಮ: ತಗಡು ಬಿಸಿಯೇರಿದಂತೆ ಕರೆಂಟು ಇಳಿಸುತ್ತಾ ಹೋಗಬೇಕು. ಗೆರೆಯ ಕೊನೆಯಲ್ಲಿ ಆರ್ಕನ್ನು ತಟ್ಟನೆ ಕಿತ್ತರೆ ಅಲ್ಲೊಂದು ಕುಳಿ ಬಿದ್ದು ನಕ್ಷತ್ರದಂತೆ ಬಿರುಕು ಬಿಡುತ್ತದೆ. ಒಂದು ಹನಿ ಹೆಚ್ಚು ಕೊಟ್ಟು ನಿಧಾನವಾಗಿ ಆರಿಸಿ.

ಪ್ರಶ್ನೆ (ಸಕಲೇಶಪುರದಿಂದ):
ಸ್ನೇಹಿತರೊಬ್ಬರ ಶಾಪಿನಲ್ಲಿ ಎ.ಸಿ. ಮಷೀನು ಸಿಕ್ಕಿತು. ಎರಡು ವಾರ ತುಂಡು ತಗಡಿನ ಮೇಲೆ ಅಭ್ಯಾಸ ಮಾಡಿದೆ, ಗೆರೆ ನೆಟ್ಟಗೆ ಬರುತ್ತಿದೆ. ಆದರೆ ಹಳೆಯ ಮ್ಯಾನಿಫೋಲ್ಡಿನ ಒಂದು ಚೂರನ್ನು ಬೆಸೆದಾಗ ಕಪ್ಪು ಮಸಿ, ಸೂಜಿ ಚುಚ್ಚಿದಂಥ ತೂತುಗಳು. ಬ್ರೇಕ್ ಕ್ಲೀನರ್ ಸಿಂಪಡಿಸಿ ಮತ್ತೊಮ್ಮೆ ಪ್ರಯತ್ನಿಸಲೇ?

ಉತ್ತರ:
ದಯವಿಟ್ಟು ಬೇಡ. ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುವ ದ್ರಾವಕ ಇರುತ್ತದೆ. ಆರ್ಕಿನ ಬಿಸಿಗೂ ಬೆಳಕಿಗೂ ಅದು ಫಾಸ್ಜೀನ್ ಅನಿಲವಾಗಬಹುದು. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅನಿಲ ಅದು, ಸ್ವಲ್ಪವೇ ಸಾಕು ಶ್ವಾಸಕೋಶ ಹಾಳಾಗಲು. ಅಸಿಟೋನ್ ಬಳಸಿ, ಅದು ಪೂರ್ತಿ ಆರಿದ ಮೇಲೆ, ಡಬ್ಬಿಯನ್ನೂ ಒರೆಸಿದ ಬಟ್ಟೆಯನ್ನೂ ದೂರವಿಟ್ಟು ಆರ್ಕ್ ಹೊತ್ತಿಸಿ.

ಎರಕದ ಅಲ್ಯೂಮಿನಿಯಂ ವರ್ಷಗಟ್ಟಲೆ ಎಣ್ಣೆ ಕುಡಿದಿರುತ್ತದೆ. ಮೊದಲು ಬಿಸಿನೀರು, ಸೋಪಿನಲ್ಲಿ ತೊಳೆಯಿರಿ. ಬೆಸೆಯುವ ಅಂಚನ್ನು ಅರದಿಂದ ಉಜ್ಜಿ ಹೊಸ ಲೋಹ ತೋರುವಂತೆ ಮಾಡಿ, ಅಸಿಟೋನಿನಿಂದ ಒರೆಸಿ. ಆಮೇಲೆ ಸ್ಟೇನ್‌ಲೆಸ್ ತಂತಿಯ ಬ್ರಷ್. ಈ ಕ್ರಮ ತಲೆಕೆಳಗಾಗಬಾರದು: ಎಣ್ಣೆ ಇರುವಾಗಲೇ ಬ್ರಷ್ ಹಾಕಿದರೆ ಕೊಳೆ ಒಳಕ್ಕೆ ಇಳಿಯುತ್ತದೆ. ಆ ಬ್ರಷ್ ಒಮ್ಮೆಯೂ ಕಬ್ಬಿಣ ಮುಟ್ಟಿರಬಾರದು. ಇಷ್ಟಾದರೂ ಮೊದಲ ಗೆರೆಯಲ್ಲಿ ಮಸಿ ಎದ್ದರೆ ಅದನ್ನು ಕೆರೆದು ತೆಗೆದು ಮತ್ತೆ ಬೆಸೆಯಿರಿ.

ನಿಮ್ಮ ಊರಿನ ಮಳೆಯೂ ಇದರಲ್ಲಿ ಪಾಲುದಾರ. ತೇವದಿಂದ ಬರುವ ಹೈಡ್ರೋಜನ್ ಕರಗಿದ ಅಲ್ಯೂಮಿನಿಯಂನಲ್ಲಿ ಸುಲಭವಾಗಿ ಬೆರೆಯುತ್ತದೆ. ಲೋಹ ಗಟ್ಟಿಯಾಗುವಾಗ ಹೊರಬರಲು ದಾರಿಯಿಲ್ಲದೆ ಗುಳ್ಳೆಯಾಗಿ ಉಳಿಯುತ್ತದೆ. ಫಿಲ್ಲರ್ ಕಡ್ಡಿಗಳನ್ನು ಮುಚ್ಚಳವಿರುವ ಕೊಳವೆಯಲ್ಲಿಡಿ. ಕೆಲಸಕ್ಕೆ ಮೊದಲು ಎರಕವನ್ನು ಹದವಾಗಿ ಬಿಸಿ ಮಾಡಿ, 100 ಡಿಗ್ರಿಯ ಆಸುಪಾಸು ಸಾಕು. ಹತ್ತಿರದ ಫ್ಯಾನ್ ನಿಲ್ಲಿಸಿ, ಅದು ಆರ್ಗಾನನ್ನು ಹಾರಿಸಿಬಿಡುತ್ತದೆ. ಆದರೆ ಕೋಣೆಯ ಬಾಗಿಲು ತೆರೆದಿರಲಿ, ಉಸಿರಿಗೆ ಗಾಳಿ ಬೇಕು.

ಮಧ್ಯೆ ಒಂದು ಪ್ರಶ್ನೆ (ಹುಬ್ಬಳ್ಳಿಯಿಂದ):
ನಾನು ಸ್ಕೂಟರಿನ ಕವರುಗಳಿಗೆ 5356 ನಂಬರಿನ ಫಿಲ್ಲರ್ ಕಡ್ಡಿ ಬಳಸುತ್ತೇನೆ. ಅದು ಇಲ್ಲಿಗೂ ಆಗುವುದಿಲ್ಲವೇ?

ಉತ್ತರ:
ಇಲ್ಲಿಗೆ 4043 ಒಳ್ಳೆಯದು. ಅದರಲ್ಲಿ ಸುಮಾರು 5 ಶೇಕಡಾ ಸಿಲಿಕಾನ್ ಇದೆ, ಸಿಲಿಕಾನ್ ಇರುವ ಎರಕದೊಂದಿಗೆ ಹೊಂದಿಕೊಂಡು ಹರಿಯುತ್ತದೆ. 5356ರಲ್ಲಿ ಸುಮಾರು ಅಷ್ಟೇ ಮೆಗ್ನೀಸಿಯಂ. 65 ಡಿಗ್ರಿಗೆ ಮೇಲೆ ಬಹುಕಾಲ ಇರುವ ಭಾಗಕ್ಕೆ ಅದನ್ನು ಹಾಕಬಾರದು, ಎಂಜಿನ್ನಿನ ಪಕ್ಕದ ಬಿಸಿ ಅದಕ್ಕಿಂತ ಹೆಚ್ಚು.

ಸಕಲೇಶಪುರದವರಿಗೆ ಇನ್ನೊಂದು ಮಾತು. ರನ್ನರ್‌ಗಳನ್ನು ಮೋಟು ಮಾಡಬೇಡಿ. ಮೋಟು ರನ್ನರ್ ಲಾಭ ಕೊಡುವುದು ಎಂಜಿನ್ ಜೋರಾಗಿ ತಿರುಗುವಾಗ. ಕೆಸರಿನಲ್ಲಿ ಏರು ಹತ್ತುವ ನಿಮಗೆ ಬೇಕಾದದ್ದು ಎಂಜಿನ್ ನಿಧಾನವಾಗಿ ತಿರುಗುವಾಗಿನ ಎಳೆತ, ಅದನ್ನು ಉದ್ದದ ರನ್ನರ್ ಕೊಡುತ್ತದೆ. ಪೆಟ್ಟಿಗೆ ಒಂದೂವರೆ ಲೀಟರಿನ ಒಳಗಿರಲಿ. ರನ್ನರಿನ ಬಾಯನ್ನು ಹರಿತ ಅಂಚಿನಲ್ಲಿ ಬಿಡದೆ ಕಹಳೆಯ ಬಾಯಂತೆ ಉರುಟಾಗಿ ಅಗಲಿಸಿ. ನನ್ನ ಅನುಭವದಲ್ಲಿ ಪೆಟ್ಟಿಗೆಯ ಗಾತ್ರಕ್ಕಿಂತ ಈ ಉರುಟು ಹೆಚ್ಚು ಕೆಲಸ ಮಾಡುತ್ತದೆ. ಬ್ರೇಕ್ ಬೂಸ್ಟರಿನ (ಮ್ಯಾನಿಫೋಲ್ಡಿನ ನಿರ್ವಾತದಿಂದ ಬ್ರೇಕಿಗೆ ಬಲ ಕೂಡಿಸುವ ಭಾಗ) ಕೊಳವೆಯನ್ನು ಮಾತ್ರ ಮರೆಯಬೇಡಿ. ಅಲ್ಲಿ ಸೋರಿದರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಈ ಗಾಡಿಯನ್ನು ಎಂದಾದರೂ ರಸ್ತೆಗೆ ತರುವುದಾದರೆ ವಾಹನದ ಮಾರ್ಪಾಡಿನ ಬಗ್ಗೆ ಹೇಳುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಂಡು, ಆರ್‌ಟಿಒ ಕಚೇರಿಯಲ್ಲಿ ಕೇಳಿಯೇ ತನ್ನಿ.

ಪ್ರಶ್ನೆ (ಸಕಲೇಶಪುರದಿಂದ):
ಸರ್, ಬೆಸುಗೆ ಮುಗಿಯಿತು. ರನ್ನರ್‌ಗಳ ಉದ್ದ ಹಾಗೆಯೇ ಉಳಿಸಿದೆ. ಆದರೆ ಎಂಜಿನ್ ಹೆಡ್ಡಿಗೆ ಕೂರುವ ಫ್ಲೇಂಜ್ (ಬೋಲ್ಟು ಬಿಗಿಯುವ ಚಪ್ಪಟೆ ಅಂಚು) ಬಾಗಿದೆ, ನೇರಪಟ್ಟಿ ಇಟ್ಟರೆ ನಡುವೆ 0.4 ಮಿ.ಮೀ. ಸಂದು. ಗ್ಯಾಸ್ಕೆಟ್ ಎರಡು ಹಾಕಿ ಬಿಗಿಯಲೇ?

ಉತ್ತರ:
ಬಿಗಿದರೆ ಬೆಸುಗೆಯೇ ಸೀಳೀತು. ಸಂದು ಉಳಿದರೆ ಆ ಸಿಲಿಂಡರಿಗೆ ಮಾತ್ರ ಕಳ್ಳಗಾಳಿ ನುಗ್ಗಿ, ಪೆಟ್ರೋಲ್ ಸಾಲದೆ ಅದು ಅತಿಯಾಗಿ ಬಿಸಿಯಾಗುತ್ತದೆ. ಮಿಲ್ಲಿಂಗ್ ಶಾಪಿಗೆ ಕೊಟ್ಟು ಮುಖ ಸವರಿಸಿ, ಅರ್ಧ ಮಿ.ಮೀ. ತೆಗೆದರೆ ಫ್ಲೇಂಜಿಗೆ ನಷ್ಟವಿಲ್ಲ. ಮುಂದಿನ ಸಲ ಫ್ಲೇಂಜನ್ನು ದಪ್ಪ ಪ್ಲೇಟಿಗೆ ಬೋಲ್ಟು ಹಾಕಿ ಬಿಗಿದು, ಒಂದು ತುದಿಯಿಂದ ಇನ್ನೊಂದಕ್ಕೆ ಒಂದೇ ಸಮನೆ ಓಡದೆ, ಎದುರುಬದುರು ಟ್ಯಾಕ್ (ಚುಕ್ಕಿ ಬೆಸುಗೆ) ಹಾಕುತ್ತಾ ಬೆಸೆಯಿರಿ.

ಮಿಲ್ಲಿಂಗ್ ಆದ ಮೇಲೆ ಎಲ್ಲ ಬಾಯಿಗಳನ್ನೂ ರಬ್ಬರ್ ಹಾಳೆ, ಪ್ಲೇಟುಗಳಿಂದ ಮುಚ್ಚಿ, ಸೈಕಲ್ ಪಂಪಿನಿಂದ 0.3 ಬಾರ್‌ನಷ್ಟು ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ. ಗುಳ್ಳೆ ಎದ್ದ ಕಡೆ ಗುರುತು ಹಾಕಿ, ಕೆರೆದು ಮತ್ತೆ ಬೆಸೆಯಿರಿ. ಕೊನೆಗೆ ಪ್ರತಿ ರನ್ನರಿನೊಳಗೂ ಬೆರಳು ಹಾಕಿ ತಡವಿ ನೋಡಿ. ಒಳಗೆ ಇಳಿದ ಬೆಸುಗೆಯ ಹನಿಯೊಂದು ಸಡಿಲಾಗಿ ಉಳಿದಿದ್ದರೆ ಅದು ಹೋಗುವುದು ನೇರ ವಾಲ್ವಿನ ಸಂದಿಗೆ. ಕೊಳವೆ ಬ್ರಷ್ ಹಾಕಿ ಸೋಪಿನ ನೀರಲ್ಲಿ ಎರಡು ಸಲ ತೊಳೆದು, ಬಿಳಿ ಬಟ್ಟೆ ತೂರಿಸಿ ಎಳೆಯಿರಿ. ಬಟ್ಟೆಯಲ್ಲಿ ಒಂದು ಹೊಳೆಯುವ ಕಣ ಕಂಡರೂ ಮತ್ತೊಮ್ಮೆ ತೊಳೆಯಿರಿ.